ಶಾಲೆಯ ಅಂಗಳಕ್ಕೆ ಬಂದ ಕಲೆಗಳು

ಶಾಲೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕರಿಹಲಗೆ, ಪಠ್ಯಪುಸ್ತಕ, ಪರೀಕ್ಷೆ ಈ ಮೂರೇ. ಹಾಡು, ಕುಣಿತ, ನಾಟಕಗಳೆಂದರೆ ವರ್ಷಕ್ಕೊಮ್ಮೆ ಬರುವ ವಾರ್ಷಿಕೋತ್ಸವದ ಮಾತಾಯಿತು. ಆ ದಿನ ಬಾಡಿಗೆಗೆ ತಂದ ಉಡುಪನ್ನು ತೊಟ್ಟು, ಸಿನಿಮಾ ಹಾಡಿಗೆ ಹೆಜ್ಜೆ ಹಾಕಿ, ಮರುದಿನ ಉಡುಪನ್ನು ಹಿಂದಿರುಗಿಸಿದರೆ ಕಲೆಯ ಪಾಠ ಮುಗಿದಂತೆ. ಇದನ್ನು ನಾನು ಹೀಯಾಳಿಸಿ ಹೇಳುತ್ತಿಲ್ಲ. ನಾನೂ ಹಾಗೆ ಕುಣಿದವನೇ. ಆದರೆ ಬೇರೆ ಬೇರೆ ಜನಗಳ, ಬೇರೆ ಬೇರೆ ಭಾಷೆಗಳ ಕಲೆಗಳನ್ನು ಬಲ್ಲವರನ್ನೇ ಶಾಲೆಗೆ ಕರೆತಂದು, ಮಕ್ಕಳು ಅವರಿಂದ ನೋಡಿ, ಕೇಳಿ, ಕೈಯಾರೆ ಮಾಡಿ ಕಲಿಯುವ ಇನ್ನೊಂದು ಕ್ರಮವುಂಟು. ಅದು ಎಂಥದು, ಎಲ್ಲಿ ಹೇಗೆ ನಡೆದಿದೆ, ಚೆನ್ನಾಗಿ ನಡೆಯಬೇಕಾದರೆ ಏನು ಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಈ ವಿಷಯವನ್ನೇ ಆರಿಸಿಕೊಳ್ಳಲು ನನಗೊಂದು ಸ್ವಂತ ಕಾರಣವೂ ಇದೆ. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಹಲವು ಸಂಸ್ಕೃತಿಗಳು ಎಂದಾಗ ಕೆಲವರು ದೂರದ ದೇಶಗಳನ್ನು ನೆನೆಯುವರು. ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ನಮ್ಮ ಕೋಲಾರ ಸೀಮೆಯ ಯಾವುದೇ ಸರಕಾರಿ ಶಾಲೆಯ ಒಂದು ತರಗತಿಯನ್ನು ನೋಡಿದರೆ ಸಾಕು. ಅಲ್ಲಿ ಮನೆಯಲ್ಲಿ ತೆಲುಗು ಆಡುವವರು, ದಖನಿ ಉರ್ದು ಆಡುವವರು, ಕನ್ನಡ ಆಡುವವರು ಒಂದೇ ಬೆಂಚಿನ ಮೇಲೆ ಕುಳಿತು ಕನ್ನಡದಲ್ಲಿ ಪಾಠ ಕೇಳುತ್ತಾರೆ. ಇಡೀ ನಾಡನ್ನು ತೆಗೆದುಕೊಂಡರಂತೂ ತುಳು, ಕೊಡವ, ಕೊಂಕಣಿ, ಬ್ಯಾರಿ, ಲಂಬಾಣಿ ಭಾಷೆಗಳ ಜನರಿದ್ದಾರೆ. ಉತ್ತರ ಕನ್ನಡದ ಕಾಡುಗಳಲ್ಲಿ ಆಫ್ರಿಕಾದ ಮೂಲದವರಾದ ಸಿದ್ದಿಯರು ತಮ್ಮ ಡಮಾಮಿಯನ್ನು ಬಾರಿಸುತ್ತಾರೆ. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟ್ಟಿನಿಂದ ಬಂದವರ ವಸತಿಗಳಿವೆ. ತೊಗಲು ಗೊಂಬೆಯಾಟವನ್ನು ಆಡಿಸುವ ಕಿಳ್ಳೇಕ್ಯಾತರ ಮನೆಮಾತು ಮರಾಠಿಗೆ ಹತ್ತಿರವಾದುದು. ಆದರೆ ಅವರು ಪರದೆಯ ಮೇಲೆ ತೋರಿಸುವ ರಾಮಾಯಣದ ಮಾತು ಕನ್ನಡ. ಆ ಕಲೆಯನ್ನು ಬದುಕಿನುದ್ದಕ್ಕೂ ನಡೆಸಿಕೊಂಡು ಬಂದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು. ಒಂದು ಮನೆಯಲ್ಲಿ ಒಂದು ಮಾತು, ಪರದೆಯ ಮೇಲೆ ಇನ್ನೊಂದು ಮಾತು! ಇಷ್ಟೊಂದು ಬಗೆಯ ಸಂಪತ್ತು ಶಾಲೆಯ ಗೇಟಿನ ಹೊರಗೇ ಇದ್ದು, ಒಳಗಿನ ಮಕ್ಕಳಿಗೆ ಅದರ ಪರಿಚಯವಿಲ್ಲದಿರುವುದು ಸೋಜಿಗವಲ್ಲವೆ?

ಕಲಾವಿದರನ್ನು ಶಾಲೆಗೆ ಕರೆಸುವ ಆಲೋಚನೆ ಹೊಸದೇನಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದರು. 1919ರಲ್ಲಿ ಸಿಲ್ಹೆಟ್ಟಿಗೆ ಹೋಗಿದ್ದಾಗ ಅವರು ಮಣಿಪುರಿ ನೃತ್ಯವನ್ನು ಕಂಡು ಮೆಚ್ಚಿ, ಆ ಬಳಿಕ ಮಣಿಪುರಿ ಗುರುಗಳನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡರು. ಬಂಗಾಳದ ಮಕ್ಕಳು ಬೇರೊಂದು ನಾಡಿನ ಹೆಜ್ಜೆಯನ್ನು ಆ ನಾಡಿನವರಿಂದಲೇ ಕಲಿತದ್ದು ಹೀಗೆ. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಆಟ, ನಾಟಕ, ಕುಣಿತಗಳ ಪ್ರಯೋಗಗಳನ್ನು ನಡೆಸಿದರು. ಇಂಗ್ಲೆಂಡಿನ ಕವೆಂಟ್ರಿ ನಗರದ ಬೆಲ್‌ಗ್ರೇಡ್ ರಂಗಮಂದಿರದವರು 1965ರಲ್ಲಿ ನಟರ ಒಂದು ತಂಡವನ್ನು ಕಟ್ಟಿ ಶಾಲೆಗಳಿಗೆ ಕಳುಹಿಸಿದರು. ಮಕ್ಕಳು ಸುಮ್ಮನೆ ಕುಳಿತು ನೋಡುವ ಬದಲು ತಾವೂ ನಾಟಕದೊಳಗೆ ಸೇರಿ ಪ್ರಶ್ನೆ ಕೇಳುವ ಕ್ರಮ ಅಲ್ಲಿಂದ ಹಬ್ಬಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು 1989ರಲ್ಲಿ ಮಕ್ಕಳೊಡನೆ ಕೆಲಸ ಮಾಡುವುದಕ್ಕೆಂದೇ ಒಂದು ತಂಡವನ್ನು ಸ್ಥಾಪಿಸಿತು. ಅದೇ ವರ್ಷ ಬಿ. ವಿ. ಕಾರಂತರ ಮುಂದಾಳುತನದಲ್ಲಿ ಮೈಸೂರಿನಲ್ಲಿ ಹುಟ್ಟಿದ ರಂಗಾಯಣವು ಬೇಸಗೆ ರಜೆಯಲ್ಲಿ ಚಿಣ್ಣರ ಮೇಳವನ್ನು ನಡೆಸುತ್ತ ಬಂದಿದೆ.

ಇವೆಲ್ಲಕ್ಕಿಂತ ವ್ಯಾಪಕವಾಗಿ ಹಬ್ಬಿದ್ದು ಸ್ಪಿಕ್ ಮೆಕೆ ಎಂಬ ಸಂಘ. ಇದರ ಸ್ಥಾಪಕರಾದ ಕಿರಣ್ ಸೇಠ್ ಅವರು ಎಂಜಿನಿಯರಿಂಗ್ ಅಧ್ಯಾಪಕರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಅವರು ಡಾಗರ್ ಮನೆತನದವರ ಧ್ರುಪದ ಗಾಯನವನ್ನು ಕೇಳಿದರಂತೆ. ಭಾರತದ ಸಂಗೀತದ ರುಚಿ ಹತ್ತಿದ್ದು ಅಮೆರಿಕಾದಲ್ಲಿ! ಹಿಂದಿರುಗಿ ಬಂದು ದೆಹಲಿಯ ಐ.ಐ.ಟಿ.ಯಲ್ಲಿ ಅಧ್ಯಾಪಕರಾದ ಮೇಲೆ 1977ರಲ್ಲಿ ವಿದ್ಯಾರ್ಥಿಗಳೊಡನೆ ಈ ಸಂಘವನ್ನು ಕಟ್ಟಿದರು. ಇದರ ಕೆಲಸ ನಡೆಯುವುದು ಸ್ವಯಂಸೇವಕರಿಂದ; ವಿದ್ಯಾರ್ಥಿಗಳಿಂದ ಟಿಕೆಟ್ಟಿನ ಹಣ ತೆಗೆದುಕೊಳ್ಳುವುದಿಲ್ಲ. ದೊಡ್ಡ ವಿದ್ವಾಂಸರು ಸಹ ಶಾಲೆಯ ಹಾಲಿಗೆ ಬಂದು, ಮಕ್ಕಳ ಎದುರು ನೆಲದ ಮೇಲೆ ಕುಳಿತು, ಸ್ವಲ್ಪ ಹಾಡಿ, ಸ್ವಲ್ಪ ವಿವರಿಸಿ, ಮತ್ತೆ ಹಾಡುವುದು ಇದರ ಕ್ರಮ. ಸೇಠ್ ಅವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 2022ರಲ್ಲಿ, ಈ ಕೆಲಸದ ಪ್ರಚಾರಕ್ಕಾಗಿ ಕಾಶ್ಮೀರದಿಂದ ಕನ್ಯಾಕುಮಾರಿಯ ಕಡೆಗೆ ಸೈಕಲ್ಲಿನ ಮೇಲೆ ಹೊರಟರು. ಕೇಂದ್ರ ಸರಕಾರದ ಕಡೆಯಿಂದ 1979ರಲ್ಲಿ ಆರಂಭವಾದ ಸಾಂಸ್ಕೃತಿಕ ಸಂಪನ್ಮೂಲ ಹಾಗೂ ತರಬೇತಿ ಕೇಂದ್ರವು ಅಧ್ಯಾಪಕರಿಗೇ ಕಲೆಗಳ ತರಬೇತಿ ಕೊಟ್ಟು, ಅವರ ಮೂಲಕ ಅದು ತರಗತಿಯನ್ನು ಮುಟ್ಟುವಂತೆ ಮಾಡುತ್ತದೆ. 2015ರಿಂದ ಕಲಾ ಉತ್ಸವವೂ ನಡೆಯುತ್ತಿದೆ. ನಮ್ಮ ರಾಜ್ಯದ ಪ್ರತಿಭಾ ಕಾರಂಜಿಯಂತೂ ನಮಗೆಲ್ಲ ಗೊತ್ತಿದ್ದದ್ದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ದಾಖಲೆಯಲ್ಲಿ, ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಶಾಲೆಗಳು ಬೋಧಕರನ್ನಾಗಿ ಕರೆಸಿಕೊಳ್ಳಬೇಕೆಂಬ ಮಾತಿದೆ. ಕಾಗದದ ಮೇಲೆ ಇರುವುದು ಅಂಗಳಕ್ಕೆ ಇಳಿಯುವುದು ಹೇಗೆಂಬುದೇ ಪ್ರಶ್ನೆ.

ಇಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಮೊದಲನೆಯದು ಪ್ರದರ್ಶನ. ಕಲಾವಿದರು ಬಂದು ತಮ್ಮ ಕಲೆಯನ್ನು ತೋರಿಸುವರು, ಮಕ್ಕಳು ನೋಡಿ ಚಪ್ಪಾಳೆ ತಟ್ಟುವರು. ಎರಡನೆಯದು ಸೋದಾಹರಣ ಭಾಷಣ. ಇದರಲ್ಲಿ ಕಲಾವಿದರು ತೋರಿಸುತ್ತ ಬಿಡಿಸಿ ಹೇಳುವರು. ಮಕ್ಕಳು ಪ್ರಶ್ನೆ ಕೇಳುವರು. ಮೂರನೆಯದು ಕಾರ್ಯಾಗಾರ ಅಥವಾ ಶಿಬಿರ. ಇಲ್ಲಿ ವಾದ್ಯ ಮಕ್ಕಳ ಕೈಗೆ ಬರುತ್ತದೆ, ಹೆಜ್ಜೆ ಅವರ ಕಾಲಿಗೆ ಬರುತ್ತದೆ. ಮೊದಲನೆಯದರಲ್ಲಿ ಸಂತೋಷವುಂಟು; ಎರಡನೆಯದರಲ್ಲಿ ತಿಳಿವಳಿಕೆಯುಂಟು; ಮೂರನೆಯದರಲ್ಲಿ ಮಾತ್ರ, ಇದು ಎಷ್ಟು ಕಷ್ಟ ಎಂಬ ಅರಿವು ಹುಟ್ಟುತ್ತದೆ. ಆ ಅರಿವಿನಿಂದಲೇ ಗೌರವ ಬರುವುದೆಂದು ನನ್ನ ನಂಬಿಕೆ. ಇದು ಪುಸ್ತಕದಿಂದ ಬಂದ ನಂಬಿಕೆಯಲ್ಲ.

ಇನ್ನು ನನ್ನ ಸ್ವಂತ ಕಾರಣವನ್ನು ಹೇಳಬೇಕು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮ ಮನೆಯ ಮಾತು ತೆಲುಗು. ತಂದೆಯನ್ನು ನಾವು ನಾಯನ ಎಂದೇ ಕರೆಯುತ್ತೇವೆ. ನಾಯನ ಕೂಲಿ ಮಾಡುತ್ತಾರೆ, ತಮಟೆ ಬಾರಿಸುತ್ತಾರೆ. ಊರ ಹಬ್ಬವಿರಲಿ, ಬಾಬಯ್ಯನ ಹಬ್ಬವಿರಲಿ, ಮದುವೆಯ ಮೆರವಣಿಗೆಯಿರಲಿ, ಯಾರದೇ ಮನೆಯ ಸಾವಿರಲಿ, ಅವರ ತಮಟೆಯಿಲ್ಲದೆ ಊರಿನಲ್ಲಿ ಏನೂ ನಡೆಯದು. ಆದರೂ ಊರವರು ಅವರನ್ನು ಕರೆಯುವುದು ಏಕವಚನದಲ್ಲಿ. ಕೂಲಿ ಕೊಡುವುದು ಕೈಗೆ ತಾಗದಂತೆ. ಇದು ಓದುಗರಿಗೆ ಹೊಸ ವಿಷಯವಲ್ಲ. ಹೈಸ್ಕೂಲಿನಲ್ಲಿ ಸಹಪಾಠಿಗಳು ತಂದೆಯ ಉದ್ಯೋಗವೇನೆಂದು ಕೇಳಿದರೆ ನಾನು ಕೂಲಿಯೆಂದು ಹೇಳಿ ಸುಮ್ಮನಾಗುತ್ತಿದ್ದೆ. ತಮಟೆಯ ಸುದ್ದಿ ಎತ್ತುತ್ತಿರಲಿಲ್ಲ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಶಾಲೆಗೆ ಸಿತಾರ್ ವಾದಕರೊಬ್ಬರು ಬಂದಿದ್ದರು. ಮುನ್ನೂರು ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ಕೂರಿಸಿದ್ದರು. ಅವರು ಚೆನ್ನಾಗಿಯೇ ಬಾರಿಸಿರಬೇಕು. ಆದರೆ ಆ ವಾದ್ಯದ ಹೆಸರೇನು, ಅಷ್ಟೊಂದು ತಂತಿಗಳೇಕೆ ಎಂದು ಯಾರೂ ನಮಗೆ ಹೇಳಲಿಲ್ಲ. ಸ್ವಾಗತ ಭಾಷಣ, ಹಾರ, ಫೋಟೋ, ವಂದನಾರ್ಪಣೆಗಳಲ್ಲಿಯೇ ಅರ್ಧ ಹೊತ್ತು ಕಳೆಯಿತು. ಮನೆಗೆ ಹೋಗಿ ಏನು ನಡೆಯಿತೆಂದು ಅಮ್ಮ ಕೇಳಿದಾಗ, ಬಿಸ್ಕತ್ತು ಕೊಟ್ಟರು ಎಂದಷ್ಟೇ ಹೇಳಿದೆ. ಅದು ಆ ಕಲಾವಿದರ ತಪ್ಪಲ್ಲ. ಕರೆದವರ ಏರ್ಪಾಡಿನ ತಪ್ಪು.

ಮರುವರ್ಷ ನಮಗೆ ಹೊಸದಾಗಿ ಬಂದ ಕನ್ನಡದ ಅಧ್ಯಾಪಕಿಯವರು ಬೇರೆ ರೀತಿಯಲ್ಲಿ ಆಲೋಚಿಸಿದರು. ಎರಡು ದಿನದ ಒಂದು ಶಿಬಿರವನ್ನು ಏರ್ಪಡಿಸಿ, ಸುತ್ತಲಿನವರನ್ನೇ ಕರೆಸಿದರು. ನನ್ನ ಸಹಪಾಠಿಯೊಬ್ಬಳ ಅಜ್ಜಿ ಢೋಲಕ್ಕಿನೊಡನೆ ದಖನಿ ಮದುವೆ ಹಾಡುಗಳನ್ನು ಹೇಳಿಕೊಡಲು ಬಂದರು. ಪಕ್ಕದ ಊರಿನ ಕೇಳಿಕೆ ಮೇಷ್ಟ್ರು ಹಾರ್ಮೋನಿಯಂ ಹೊತ್ತು ತಂದರು. ಮೂರನೆಯವರು ನಮ್ಮ ನಾಯನ. ಇದು ತಿಳಿದ ದಿನ ನಾನು ಮನೆಯಲ್ಲಿ ಜಗಳವಾಡಿದೆ. "ನೀನು ಶಾಲೆಗೆ ಬರಬೇಡ" ಎಂದು ನಾನು ಅವರಿಗೆ ಹೇಳಿದ್ದು ನಿಜ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬರೆಯದಿದ್ದರೆ ಈ ಲೇಖನವೇ ಸುಳ್ಳಾಗುತ್ತದೆ.

ಅವರು ಬಂದರು. ಮುಖ್ಯೋಪಾಧ್ಯಾಯರು ಕುರ್ಚಿ ತೋರಿಸಿದರೆ, "ಬೇಡಿ ಸಾಮಿ, ಇಲ್ಲೇ ಕೂರ್ತೀನಿ" ಎಂದು ಗೋಡೆಯ ಬುಡದಲ್ಲಿ ಕುಳಿತರು. ಅಧ್ಯಾಪಕಿಯವರು ತಾವೂ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. "ನೀವು ಕೂತರೇನೇ ನಾನು ಕೂರೋದು. ಮಕ್ಕಳೇ, ಇವತ್ತು ಇವರೇ ನಿಮ್ಮ ಮೇಷ್ಟ್ರು" ಎಂದರು. ನಾಯನ ಕುರ್ಚಿಯ ತುದಿಯಲ್ಲಿ ಕುಳಿತರು.

ಮೊದಲು ಅವರು ಮಾಡಿದ ಕೆಲಸ ಅಂಗಳದಲ್ಲಿ ಒಣಹುಲ್ಲು ಒಟ್ಟಿ ಬೆಂಕಿ ಹಾಕಿದ್ದು. ತಮಟೆಯ ದುಂಡನೆಯ ಚೌಕಟ್ಟಿಗೆ ಚರ್ಮವನ್ನು ಬಿಗಿದಿರುತ್ತಾರೆ. ಆ ಚರ್ಮ ಗಾಳಿಯ ತೇವವನ್ನು ಹೀರಿಕೊಂಡು ಸಡಿಲವಾಗುತ್ತದೆ. ಆಗ ನಾದ ಮಂಕಾಗುತ್ತದೆ. ಬೆಂಕಿಗೆ ಹಿಡಿದರೆ ತೇವ ಆರಿ, ಚರ್ಮ ಬಿಗಿದು, ಸ್ವರ ಮೇಲಕ್ಕೇರುತ್ತದೆ. ನಾಯನ ಇದನ್ನು ಹೇಳಿದ್ದು ಒಂದೇ ಮಾತಿನಲ್ಲಿ: "ಚಳಿ ಹಿಡಿದ ಚರ್ಮ ಮಾತಾಡಲ್ಲ." ಪಕ್ಕದಲ್ಲಿ ನಿಂತಿದ್ದ ವಿಜ್ಞಾನದ ಅಧ್ಯಾಪಕರು, ಬಿಗಿತ ಹೆಚ್ಚಿದಂತೆ ಕಂಪನದ ವೇಗ ಹೆಚ್ಚುವುದೆಂದು ಆಗಲೇ ವಿವರಿಸಿದರು. ಶಬ್ದದ ಪಾಠವನ್ನು ನಾನು ಅಂದು ಅರ್ಥಮಾಡಿಕೊಂಡಷ್ಟು ಎಂದೂ ಅರ್ಥಮಾಡಿಕೊಂಡಿರಲಿಲ್ಲ. ಬಳಿಕ ಕೋಲುಗಳ ಪಾಠ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ತೆಳುವಾದ ಬಿದಿರಿನ ಸೀಳು. ದಪ್ಪ ಕೋಲು ಏಟನ್ನು ಹೇಳಿದರೆ, ಸೀಳು ಏಟುಗಳ ನಡುವಿನ ಜಾಗವನ್ನು ತುಂಬುತ್ತದೆ. ಎರಡು ಕೈಗಳ ಲೆಕ್ಕ ಬೇರೆ ಬೇರೆ. ಅದರ ಮೇಲೆ ಕಾಲಿನ ಹೆಜ್ಜೆ ಇನ್ನೊಂದು ಲೆಕ್ಕ. ನೋಡುವಾಗ ಸುಲಭವೆನಿಸಿದ್ದು ಕೈಗೆ ಬಂದಾಗ ಯಾರಿಗೂ ಆಗಲಿಲ್ಲ. ಗಣಿತದಲ್ಲಿ ಮೊದಲ ಸ್ಥಾನದಲ್ಲಿದ್ದ ಹುಡುಗನೂ ಮೂರನೆಯ ಸುತ್ತಿಗೆ ತಪ್ಪಿದ. ಊರಿನ ದೊಡ್ಡ ಮನೆಯೊಂದರ ಹುಡುಗ, ಯಾರ ತಂದೆ ನಮ್ಮ ನಾಯನನನ್ನು "ಬಾರೋ" ಎಂದೇ ಕರೆಯುತ್ತಿದ್ದರೋ ಅವನು, ಬೆವರು ಒರೆಸಿಕೊಂಡು "ಸಾರ್, ಇನ್ನೊಂದು ಸಲ ತೋರಿಸಿ" ಎಂದ. ನಾಯನ ಹಿಂದಿರುಗಿ ನೋಡಿದರು; ಆ ಮಾತು ತಮಗೆ ಹೇಳಿದ್ದೆಂದು ಅವರಿಗೆ ತಕ್ಷಣ ತೋಚಲಿಲ್ಲ.

ಎರಡನೆಯ ದಿನ ಢೋಲಕ್ಕಿನ ಅಜ್ಜಿಯ ಹಾಡಿಗೆ ನಾಯನ ತಮಟೆಯನ್ನು ಬೆರಳಿನಿಂದ ಮೆಲ್ಲಗೆ ನುಡಿಸಿದರು. ಕೇಳಿಕೆ ಮೇಷ್ಟ್ರು ಹಾರ್ಮೋನಿಯಂ ಸೇರಿಸಿದರು. ಅಜ್ಜಿಗೆ ಕನ್ನಡ ಬಾರದು, ಮೇಷ್ಟ್ರಿಗೆ ಉರ್ದು ಬಾರದು. ಆದರೂ ತಾಳ ತಪ್ಪಲಿಲ್ಲ. ಹಲವು ಸಂಸ್ಕೃತಿಗಳ ಕೂಡುವಿಕೆ ಎಂದು ದೊಡ್ಡ ಮಾತಿನಲ್ಲಿ ಹೇಳುವುದನ್ನು ನಾನು ಕಣ್ಣಾರೆ ಕಂಡದ್ದು ಹೀಗೆ.

ಇದರಿಂದ ಎಲ್ಲವೂ ಬದಲಾಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಮಕ್ಕಳ ಕೈಗೆ ತಮಟೆ ಕೊಟ್ಟಿರಲ್ಲ ಎಂದು ಕೆಲವು ಪೋಷಕರು ಶಾಲೆಗೆ ಬಂದು ಆಕ್ಷೇಪಿಸಿದರು. ಕೆಲವು ತಿಂಗಳ ನಂತರ ಆ ದೊಡ್ಡ ಮನೆಯಲ್ಲಿ ಸಾವಾಯಿತು; ನಾಯನನಿಗೆ ಎಂದಿನ ಹಾಗೆಯೇ ಕರೆ ಬಂದಿತು, ಎಂದಿನ ಏಕವಚನದಲ್ಲಿಯೇ. ಆ ಹುಡುಗ ಮಾತ್ರ ಎಲ್ಲರೆದುರು ಬಂದು ನಾಯನನಿಗೆ ಕೈಮುಗಿದನಂತೆ. ಮರುವರ್ಷ ಅಧ್ಯಾಪಕಿಯವರಿಗೆ ಬೇರೆ ಊರಿಗೆ ವರ್ಗವಾಯಿತು, ಶಿಬಿರ ನಿಂತುಹೋಯಿತು.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ತಮಟೆ ನಮ್ಮ ಜನರ ಮೇಲೆ ಹೊರಿಸಿದ ಬಿಟ್ಟಿ ಚಾಕರಿ. ಅದನ್ನು ಬಿಟ್ಟರೇನೇ ನಮಗೆ ಮಾನ ಎನ್ನುವ ವಾದ ದಲಿತರೊಳಗೇ ಇದೆ. ಇನ್ನೊಂದು ಕಡೆ, 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಅದೇ ತಮಟೆ ಹೋರಾಟದ ಹಾಡುಗಳಿಗೆ ದನಿಯಾಯಿತು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ ಪದ್ಮಶ್ರೀ ಬಂದಿತು. ಆ ಸುದ್ದಿಯನ್ನು ನಾಯನ ನನ್ನ ಮೊಬೈಲಿನಲ್ಲಿ ಮೂರು ಸಲ ನೋಡಿದರು. ಈ ಎರಡೂ ಮಾತುಗಳಲ್ಲಿ ಯಾವುದು ಸರಿ? ಎರಡೂ ಸರಿಯೆಂದೇ ನನಗೆ ತೋರುತ್ತದೆ. ಹುಟ್ಟಿನ ಕಾರಣದಿಂದ ಒಬ್ಬನೇ ಬಾರಿಸಬೇಕೆಂದರೆ ಅದು ಚಾಕರಿ. ಯಾರು ಬೇಕಾದರೂ ಕಲಿಯಬಹುದು, ಬೇಡವೆಂದವನು ಬಿಡಬಹುದು ಎಂದಾದರೆ ಅದು ಕಲೆ. ಈ ಬದಲಾವಣೆಗೆ ಶಾಲೆಯಂಥ ಸ್ಥಳ ಇನ್ನೊಂದಿಲ್ಲ. ಏಕೆಂದರೆ ಎಲ್ಲ ಕೇರಿಗಳ ಮಕ್ಕಳು ದಿನಾಲೂ ಒಟ್ಟಿಗೆ ಕೂರುವುದು ಅಲ್ಲಿಯೇ. ಇದು ತಮಟೆಯೊಂದಕ್ಕೇ ಸಲ್ಲುವ ಮಾತಲ್ಲ. ಗೊಂಬೆಯಾಟಕ್ಕೂ ಡಮಾಮಿಗೂ ಲಂಬಾಣಿಯರ ಕಸೂತಿಗೂ ಸಲ್ಲುತ್ತದೆ.

ಹಾಗಾದರೆ ಇಂಥ ಕಾರ್ಯಕ್ರಮಗಳನ್ನು ಏರ್ಪಡಿಸುವಾಗ ಗಮನಿಸಬೇಕಾದುದೇನು? ನಾನು ಕಂಡ ಒಂದು ಕೆಟ್ಟ ಮಾದರಿ, ಒಂದು ಒಳ್ಳೆಯ ಮಾದರಿಗಳಿಂದ ಕೆಲವು ಅಂಶಗಳನ್ನು ಸಂಗ್ರಹಿಸಿ ಹೇಳುತ್ತೇನೆ.

ಮೊದಲನೆಯದಾಗಿ, ಗುಂಪು ಚಿಕ್ಕದಾಗಿರಬೇಕು. ಪ್ರದರ್ಶನಕ್ಕೆ ಇಡೀ ಶಾಲೆ ಸೇರಲಿ. ಆದರೆ ಕೈಯಾರೆ ಕಲಿಯುವಾಗ ಮೂವತ್ತು ಮಕ್ಕಳಿಗಿಂತ ಹೆಚ್ಚಾದರೆ ವಾದ್ಯ ಎಲ್ಲರ ಕೈಗೂ ಬರುವುದಿಲ್ಲ. ಎರಡನೆಯದಾಗಿ, ಮೊದಲೇ ಸಿದ್ಧತೆ ಬೇಕು. ಬರುವ ಕಲಾವಿದರು ಯಾರು, ಅವರ ಊರು ಯಾವುದು, ಮಾತು ಯಾವುದು ಎಂದು ಹಿಂದಿನ ದಿನ ಒಂದು ಪೀರಿಯಡ್ಡಿನಲ್ಲಿ ಹೇಳಿ, ಮಕ್ಕಳಿಂದ ಪ್ರಶ್ನೆಗಳನ್ನು ಬರೆಸಬೇಕು. ಮೂರನೆಯದಾಗಿ, ಅಧ್ಯಾಪಕರು ಸ್ಟಾಫ್ ರೂಮಿಗೆ ಹೋಗದೆ ಜೊತೆಯಲ್ಲಿ ಕುಳಿತಿರಬೇಕು. ತಮಟೆಯ ಚರ್ಮದಿಂದ ವಿಜ್ಞಾನಕ್ಕೂ, ತಾಳದಿಂದ ಗಣಿತಕ್ಕೂ, ಹಾಡಿನಿಂದ ಚರಿತ್ರೆಗೂ ದಾರಿ ತೋರಿಸುವವರು ಅವರೇ. ನಾಲ್ಕನೆಯದಾಗಿ, ಕಲಾವಿದರಿಗೆ ಕುರ್ಚಿ, ಊಟ, ಪ್ರಯಾಣದ ವೆಚ್ಚ, ಸಂಭಾವನೆಗಳನ್ನು ಮೊದಲೇ ನಿಶ್ಚಯಿಸಬೇಕು. ಕೂಲಿಯವನಿಗೆ ಎರಡು ದಿನ ಶಾಲೆಯಲ್ಲಿ ಕಳೆದರೆ ಎರಡು ದಿನದ ಸಂಪಾದನೆ ಹೋಗುತ್ತದೆ. ಶಾಲು ಹೊದಿಸಿದರೆ ಅದು ತುಂಬುವುದಿಲ್ಲ. ಐದನೆಯದಾಗಿ, ಯಾವ ಮಗುವನ್ನೂ ಅದರ ಜಾತಿ ಮತಗಳ ಪ್ರತಿನಿಧಿಯಾಗಿ ನಿಲ್ಲಿಸಕೂಡದು. ನಿಮ್ಮ ಮನೆಯ ಕಲೆ, ನೀನೇ ಬಾರಿಸು ಎಂದು ಅಂದು ಅಧ್ಯಾಪಕಿಯವರು ನನ್ನನ್ನು ಕರೆದಿದ್ದರೆ ನಾನು ಶಾಲೆಯನ್ನೇ ಬಿಡುತ್ತಿದ್ದೆನೇನೊ. ಅವರು ಕರೆಯಲಿಲ್ಲ. ಹತ್ತು ಮಂದಿ ಮುಗಿಸಿದ ಮೇಲೆ ನಾನೇ ಸಾಲಿನಲ್ಲಿ ನಿಂತೆ. ಕೊನೆಯದಾಗಿ, ಇದು ಒಬ್ಬ ಅಧ್ಯಾಪಕರ ಉತ್ಸಾಹಕ್ಕೆ ಮಾತ್ರ ಕಟ್ಟುಬಿದ್ದಿರಬಾರದು. ಅವರಿಗೆ ವರ್ಗವಾದರೂ ನಿಲ್ಲದಂತೆ ಶಾಲೆಯ ವರ್ಷದ ಕಾರ್ಯಪಟ್ಟಿಯಲ್ಲಿಯೇ ಸೇರಿರಬೇಕು.

ಹಣವೆಲ್ಲಿ, ಸಮಯವೆಲ್ಲಿ ಎಂದು ಕೇಳುವವರಿರಬಹುದು. ದೂರದ ದೊಡ್ಡ ಕಲಾವಿದರನ್ನು ಕರೆಸಲು ಹಣ ಬೇಕು, ನಿಜ. ಅದಕ್ಕೆ ಸ್ಪಿಕ್ ಮೆಕೆಯಂಥ ಸಂಘಗಳ ನೆರವನ್ನು ಕೋರಬಹುದು. ಆದರೆ ಐದು ಮೈಲಿಯ ಸುತ್ತಳತೆಯಲ್ಲಿರುವ ಮೂವರನ್ನು ಕರೆಸಲು ವಾರ್ಷಿಕೋತ್ಸವದ ಬಾಡಿಗೆ ಉಡುಪು, ಧ್ವನಿವರ್ಧಕಗಳ ಖರ್ಚಿಗಿಂತ ಹೆಚ್ಚು ಬೇಕಾಗದು. ಪರೀಕ್ಷೆಯ ತಿಂಗಳನ್ನು ಬಿಟ್ಟು ವರ್ಷಕ್ಕೆ ಎರಡು ದಿನಗಳನ್ನು ಹೊಂದಿಸುವುದು ಕಷ್ಟವೂ ಅಲ್ಲ.

ಈ ವರ್ಷ ನಾನು ಪದವಿ ಮುಗಿಸಿ, ಬಿ.ಎಡ್. ಓದಬೇಕೆಂದಿದ್ದೇನೆ. ನಮ್ಮ ಕಾಲೇಜಿನಿಂದ ಪ್ರತಿ ವರ್ಷ ಹೊರಬೀಳುವ ಅನೇಕರು ಮುಂದೆ ಅಧ್ಯಾಪಕರಾಗುವವರೇ. ಅವರಲ್ಲಿ ನನ್ನದೊಂದು ವಿನಂತಿ. ನೀವು ಯಾವ ಊರಿನ ಶಾಲೆಗೆ ಹೋದರೂ ಮೊದಲ ತಿಂಗಳಲ್ಲಿಯೇ ಆ ಊರಿನ ಎಲ್ಲ ಕೇರಿಗಳಲ್ಲಿಯೂ ಒಮ್ಮೆ ನಡೆದಾಡಿ. ಹಾಡುವವರು ಯಾರು, ಬಾರಿಸುವವರು ಯಾರು, ಗೊಂಬೆ ಮಾಡುವವರು ಯಾರು ಎಂದು ವಿಚಾರಿಸಿಕೊಳ್ಳಿ.

ಶಿಬಿರ ಮುಗಿದ ರಾತ್ರಿ ನಾಯನ ತಮಟೆಯನ್ನು ಮೊಳೆಗೆ ತೂಗುಹಾಕುತ್ತ ಒಂದು ಮಾತು ಹೇಳಿದರು. ಅಲ್ಲಿಯವರೆಗೆ ಅವರು, ನೀನು ಇದನ್ನು ಮುಟ್ಟಲೇಬೇಡ, ಓದು ಎಂದೇ ಹೇಳುತ್ತಿದ್ದರು. ಆ ದಿನ, "ಹೊಟ್ಟೆಪಾಡಿಗೆ ಅಂತ ಇದನ್ನ ಹಿಡೀಬೇಡ. ಇಷ್ಟ ಆದರೆ ಹಿಡಿ" ಎಂದರು. ಈಗ ರಜೆಗೆ ಊರಿಗೆ ಹೋದಾಗ ನಾನು ಅವರ ಬಳಿ ಕುಳಿತು ಕಲಿಯುತ್ತಿದ್ದೇನೆ. ಎಡಗೈಯ ಸೀಳು ಇನ್ನೂ ತಪ್ಪುತ್ತದೆ.